ಬನ್ಸ್ ಕ್ಲಾಸಿನ ಅಂದಾಜು

ನಮ್ಮ ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಹಿಂದೆ ಬಿದ್ದವರ ತರಗತಿಗೆ ಒಂದು ಗಂಭೀರವಾದ ಹೆಸರಿದೆ. ಅದನ್ನು ಯಾರೂ ಬಳಸುವುದಿಲ್ಲ. ಕ್ಯಾಂಟೀನಿನ ಗೋಡೆಗೆ ತಾಗಿಕೊಂಡ ಕೋಣೆ ಅದು. ಮಧ್ಯಾಹ್ನ ಮೂರಕ್ಕೆ ಪಾಠ ಶುರುವಾಗುವ ಹೊತ್ತಿಗೇ ಆಚೆ ಬದಿಯಲ್ಲಿ ಬನ್ಸ್ ಕರಿಯಲು ಎಣ್ಣೆ ಇಡುತ್ತಾರೆ. ಹಾಗಾಗಿ ಮಕ್ಕಳ ಬಾಯಲ್ಲಿ ಅದು ಬನ್ಸ್ ಕ್ಲಾಸ್. "ನೀನು ಕೂಡ ಬನ್ಸಾ?" ಎಂದು ಒಬ್ಬರನ್ನೊಬ್ಬರು ಗೋಳು ಹೊಯ್ದುಕೊಳ್ಳುತ್ತಾರೆ. ಆ ಕ್ಲಾಸಿನ ಟೀಚರ್ ನಾನು. ಜೆಪ್ಪುವಿನಲ್ಲಿ ಹೋಟೆಲ್ ನಡೆಸುವ ಮನೆಯಲ್ಲಿ ಹುಟ್ಟಿದ ನನಗೆ ಎಣ್ಣೆ ಹಳತೋ ಹೊಸತೋ ಎಂಬುದು ವಾಸನೆಯಲ್ಲೇ ಗೊತ್ತಾಗುತ್ತದೆ. ಹಳತಾದ ದಿನ ನನ್ನ ಸಿಟ್ಟೂ ಸ್ವಲ್ಪ ಜಾಸ್ತಿ.

ಈ ಕ್ಲಾಸಿಗೆ ಯಾರು ಬರಬೇಕೆಂದು ತೀರ್ಮಾನ ಮಾಡುವುದು ಪದವಿಯ ಮೊದಲ ವರ್ಷ ಸೇರಿದ ಕೂಡಲೇ ನಡೆಯುವ ಒಂದು ಪರೀಕ್ಷೆ. ಅದರಲ್ಲಿ ಅರ್ಧ ಶಬ್ದಗಳದ್ದು. ಒಂದು ಇಂಗ್ಲಿಷ್ ಪದ, ಕೆಳಗೆ ನಾಲ್ಕು ಅರ್ಥ, ಸರಿಯಾದದ್ದಕ್ಕೆ ಗುರುತು ಹಾಕಬೇಕು. ಇನ್ನರ್ಧ ಓದಿ ಅರ್ಥಮಾಡಿಕೊಳ್ಳುವುದು. ಒಂದು ಪುಟದ ಗದ್ಯ, ಅದರ ಕೆಳಗೆ ಪ್ರಶ್ನೆಗಳು. ಇದರಲ್ಲಿ ಬಿದ್ದವರು ಬನ್ಸಿಗೆ. ಸೆಮಿಸ್ಟರಿನ ಕೊನೆಯಲ್ಲಿ ಅದೇ ನಮೂನೆಯ ಇನ್ನೊಂದು ಪರೀಕ್ಷೆ ಇರುತ್ತದೆ. ಅದರಲ್ಲಿ ಗೆದ್ದವರಿಗೆ ಮಾತ್ರ ಮುಂದೆ ಇಂಗ್ಲಿಷನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಳ್ಳಲು ಬಿಡುತ್ತಾರೆ.

ಕಳೆದ ವರ್ಷ ಆ ಕೋಣೆಯ ಮೊದಲ ಬೆಂಚಿನಲ್ಲಿ ಒಬ್ಬ ಗೃಹಿಣಿ ಬಂದು ಕೂತರು. ನನಗಿಂತ ನಾಲ್ಕೈದು ವರ್ಷ ಚಿಕ್ಕವರಿರಬಹುದು. ಮನೆ ಬೋಳಾರದಲ್ಲಿ, ಗಂಡ ದೇವಸ್ಥಾನದಲ್ಲಿ ಪೂಜೆಯವರು, ಮಗಳು ಪಿಯುಸಿ. ಮಗಳ ಓರಗೆಯ ಮಕ್ಕಳ ನಡುವೆ ಸೀರೆ ಉಟ್ಟು ಬಂದು ಕೂರುವ ಇವರನ್ನು ಇಡೀ ಕ್ಲಾಸು ಅಕ್ಕ ಎನ್ನುತ್ತಿತ್ತು. ನಾನೂ ಮನಸ್ಸಿನಲ್ಲಿ ಹಾಗೆಯೇ ಕರೆಯತೊಡಗಿದ್ದೆ. ಅಕ್ಕ ಹದಿನೆಂಟರಲ್ಲಿ ಒಮ್ಮೆ ಕಾಲೇಜಿಗೆ ಸೇರಿ, ಇಂಗ್ಲಿಷಿನಲ್ಲಿ ಫೇಲಾಗಿ, ಬಿಟ್ಟವರು. ಮುಂದೆ ಇಂಗ್ಲಿಷ್ ಟೀಚರ್ ಆಗಬೇಕೆಂಬುದು ಅವರ ಆಸೆ. ನಗುತ್ತೀರಾ ಎಂದು ಕೇಳುವವರಂತೆ ನನ್ನ ಮುಖ ನೋಡಿ ಇದನ್ನು ಹೇಳಿದ್ದರು.

"ಈ ಸಲವೂ ಹೋದರೆ ನಾನೇ ನಿಲ್ಲಿಸ್ತೇನೆ ಮೇಡಂ. ಮನೆಯಲ್ಲಿ ಯಾರೂ ಎಂತ ಹೇಳುವುದಿಲ್ಲ. ಆದರೆ ಎರಡನೇ ಸಲ ಫೇಲಾಗಿ ಮಗಳ ಎದುರು ಪುಸ್ತಕ ಹಿಡಿಯಲಿಕ್ಕೆ ನನ್ನಿಂದಾಗುವುದಿಲ್ಲ."

ಅವರ ಪ್ರವೇಶ ಪರೀಕ್ಷೆಯ ಪೇಪರನ್ನು ತರಿಸಿ ನೋಡಿದೆ. ತಪ್ಪು ಉತ್ತರ ಒಂದೂ ಇರಲಿಲ್ಲ. ಉತ್ತರಗಳೇ ಇರಲಿಲ್ಲ. ಶಬ್ದಗಳಲ್ಲಿ ಅಲ್ಲೊಂದು ಇಲ್ಲೊಂದು ಗುರುತು, ಉಳಿದದ್ದು ಖಾಲಿ. ಗದ್ಯದ ಕೆಳಗೂ ಅದೇ ಕಥೆ. ಬರೆದ ಒಂದೆರಡೂ ಸರಿಯಾಗಿದ್ದವು. ನನಗೆ ತಲೆಬುಡ ತಿಳಿಯಲಿಲ್ಲ. ಮತ್ತೊಂದು ಸಣ್ಣ ಟೆಸ್ಟ್ ಕೊಟ್ಟೆ, ಮತ್ತೂ ಖಾಲಿ. ಹೆದರಿಕೆ ಇರಬೇಕು ಎಂದುಕೊಂಡು ಧೈರ್ಯ ಹೇಳಿದೆ. ಅವರು ತಲೆಯಾಡಿಸಿದರು. ಮಾರನೆಯ ವಾರದ ಪೇಪರೂ ಖಾಲಿ ಬಂತು.

ಉಳಿದ ಮಕ್ಕಳದು ಬೇರೆಯೇ ರಾಗ. ಅವರು ಒಂದನ್ನೂ ಬಿಡುವವರಲ್ಲ. ಶಬ್ದ ಗೊತ್ತಿಲ್ಲದಿದ್ದರೆ 'ಸಿ'ಗೆ ಗುರುತು ಹಾಕಬೇಕು ಎಂಬುದು ಅವರಲ್ಲಿ ಹೈಸ್ಕೂಲಿನಿಂದ ಬಂದ ಕಾನೂನು. ಗದ್ಯದ ಪ್ರಶ್ನೆಗಳಿಗೂ ಒಂದು ಕೈಚಳಕ ಉಂಟು. ಪ್ರಶ್ನೆಯಲ್ಲಿರುವ ಶಬ್ದವನ್ನು ಗದ್ಯದಲ್ಲಿ ಹುಡುಕುವುದು, ಅದು ಸಿಕ್ಕಿದಲ್ಲಿಂದ ಪೂರ್ಣವಿರಾಮದವರೆಗೆ ಚಾಚೂ ತಪ್ಪದೆ ನಕಲು ಮಾಡುವುದು. ಇದಕ್ಕೆ ಓದಬೇಕಾಗಿಯೇ ಇಲ್ಲ, ಕಣ್ಣಿದ್ದರೆ ಸಾಕು. ವರ್ಷಾನುಗಟ್ಟಲೆ ಇದಕ್ಕೆ ಮಾರ್ಕು ಕೊಟ್ಟುಕೊಂಡು ಬಂದವರು ನಮ್ಮಂಥವರೇ ಆದ್ದರಿಂದ ಮಕ್ಕಳನ್ನು ಬೈದು ಪ್ರಯೋಜನವಿಲ್ಲ.

ಒಂದು ದಿನ ಎಣ್ಣೆ ವಿಪರೀತ ಹಳತಾಗಿತ್ತು. ನನಗೆ ರೇಗಿ ಹೋಗಿ ಬೋರ್ಡಿನ ಮೇಲೆ ಅರ್ಥವೇ ಇಲ್ಲದ ಒಂದು ಗದ್ಯ ಬರೆದೆ. ದಿ, ವಾಸ್, ಬಿಕಾಸ್ ಮಾತ್ರ ನಿಜವಾದ ಇಂಗ್ಲಿಷ್. ಉಳಿದದ್ದೆಲ್ಲ ನಿಂತಲ್ಲೇ ಹೊಸೆದದ್ದು. ಬ್ಲಾಪರ್ ಎಂಬವನೊಬ್ಬ ಸ್ಕೂಮಿನಲ್ಲಿ ಡ್ರಿಮ್ಮಿದ, ಯಾಕೆಂದರೆ ಅವನ ಟಾಂಗಿಲ್ ಫ್ರೂಮಿಯಾಗಿತ್ತು, ಹೀಗೆ ಐದಾರು ಸಾಲು. ಕೆಳಗೆ ಪ್ರಶ್ನೆಗಳು. ಬ್ಲಾಪರ್ ಎಲ್ಲಿ ಡ್ರಿಮ್ಮಿದ? ಯಾಕೆ ಡ್ರಿಮ್ಮಿದ? ಮಕ್ಕಳು ಕಣ್ಣು ಮಿಟುಕಿಸದೆ ಬರೆದುಕೊಟ್ಟರು. ಎಲ್ಲಿ? ಸ್ಕೂಮಿನಲ್ಲಿ. ಯಾಕೆ? ಅವನ ಟಾಂಗಿಲ್ ಫ್ರೂಮಿಯಾಗಿತ್ತು. ಇಡೀ ಕ್ಲಾಸಿಗೆ ಪೂರ್ತಿ ಮಾರ್ಕು. ನಮ್ಮ ವಿಭಾಗದ ಉತ್ತರಸೂಚಿ ಹಿಡಿದು ಕೂತರೆ ಯಾರೂ ಅರ್ಧ ಮಾರ್ಕು ಕಡಿಯುವ ಹಾಗಿರಲಿಲ್ಲ.

ಅಕ್ಕನ ಹಾಳೆಯಲ್ಲಿ ಮಾತ್ರ ಕನ್ನಡದಲ್ಲಿ ಒಂದೇ ಸಾಲಿತ್ತು. "ನಾಲ್ಕು ಸಲ ಓದಿದೆ, ಇದು ಎಂತ ಅಂತ ಗೊತ್ತಾಗಲಿಲ್ಲ, ಕ್ಷಮಿಸಿ."

 ಕೋಣೆಯಲ್ಲಿ ಓದಿದವರು ಒಬ್ಬರೇ, ಸೊನ್ನೆ ಬಂದದ್ದೂ ಅವರೊಬ್ಬರಿಗೇ. ಮಕ್ಕಳಿಗೆ ಗುಟ್ಟು ಹೇಳಿದಾಗ ಮೊದಲು ಪೆಚ್ಚಾದರು, ಆಮೇಲೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಅಕ್ಕ ನಗಲಿಲ್ಲ. ಸೆಮಿಸ್ಟರಿನ ಪರೀಕ್ಷೆಗೆ ಇದರಿಂದ ಒಂದು ಮಾರ್ಕೂ ಹುಟ್ಟುವುದಿಲ್ಲವೆಂದು ಅವರಿಗೆ ನನ್ನಷ್ಟೇ ಚೆನ್ನಾಗಿ ಗೊತ್ತಿತ್ತು.

ಅವತ್ತು ಕ್ಲಾಸು ಮುಗಿದ ಮೇಲೆ ಅವರನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋದೆ. ನಕಲು ಮಾಡಲಿಕ್ಕೆ ನಿಮಗೆ ಮನಸ್ಸಿಲ್ಲ, ಸರಿ, ಶಬ್ದಗಳಲ್ಲಿ ಒಂದು ಅಂದಾಜಿಗೆ ಗುರುತು ಹಾಕಲಿಕ್ಕೆ ಏನು ಕಷ್ಟ ಎಂದು ಕೇಳಿದೆ. ಆಗ ಅವರ ತಂದೆಯ ವಿಷಯ ಬಂತು. ತಂದೆ ಪುರೋಹಿತರು. ಸಂಜೆ ದೀಪ ಹಚ್ಚಿದ ಮೇಲೆ ಮಕ್ಕಳಿಂದ ಶ್ಲೋಕ ಹೇಳಿಸುತ್ತಿದ್ದರಂತೆ. ಹೇಳಿ ಮುಗಿಸಿದ ಮೇಲೆ ಅದರ ಅರ್ಥವನ್ನು ತುಳುವಿನಲ್ಲಿ ಹೇಳಬೇಕು. ಹೇಳಲು ಬಾರದಿದ್ದರೆ ಅರ್ಥ ತಿಳಿಯುವವರೆಗೆ ಆ ಶ್ಲೋಕವನ್ನು ಬಾಯಿಗೆ ತರುವ ಹಾಗಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿರುವವರ ಹಾಗೆ ಹೇಳುವುದು ದೇವರ ಎದುರು ಸುಳ್ಳು ಹೇಳಿದಂತೆ ಎಂಬುದು ಆ ಮನೆಯ ಕಟ್ಟುನಿಟ್ಟು. ಅಕ್ಕ ಅದನ್ನು ಪರೀಕ್ಷೆಯ ಹಾಲಿಗೂ ತೆಗೆದುಕೊಂಡು ಬಂದಿದ್ದರು. ಗದ್ಯದಲ್ಲಿ ಒಂದೇ ಒಂದು ಶಬ್ದ ಗೊತ್ತಿಲ್ಲದಿದ್ದರೂ ಅದಕ್ಕೆ ಸಂಬಂಧಪಟ್ಟ ಉತ್ತರ ಬರೆಯುವುದಿಲ್ಲ. ಹದಿನೆಂಟರಲ್ಲಿ ಅವರು ಫೇಲಾದದ್ದೂ ಹೀಗೆಯೇ.

ಇಂಥ ಪ್ರಾಮಾಣಿಕತೆಗೆ ಏನು ಮದ್ದು ಕೊಡುವುದು? ನನಗೆ ಅವರ ತಂದೆಯ ಮೇಲೆ ಗೌರವವೂ ಬಂತು, ಸಿಟ್ಟೂ ಬಂತು. ಹೊರಗಿನ ಭಾಷೆ ಓದುವವರು ಅರ್ಧ ಗೊತ್ತು, ಅರ್ಧ ಗೊತ್ತಿಲ್ಲ ಎಂಬ ಸ್ಥಿತಿಯಲ್ಲೇ ಮುಂದೆ ಹೋಗಬೇಕು, ಬೇರೆ ದಾರಿ ಇಲ್ಲ. ಇದನ್ನು ಹೇಗೆ ಹೇಳುವುದೆಂದು ಯೋಚಿಸುತ್ತಿದ್ದಾಗ ಅಕ್ಕ ಗಡಿಯಾರ ನೋಡಿ ಎದ್ದರು. ಪಕ್ಕದ ಮನೆಯ ಬಾಯಮ್ಮನ ಹತ್ತಿರ ಬೀಗದಕೈ ಕೊಟ್ಟು ಬಂದಿದ್ದಾರಂತೆ, ಇನ್ನೂ ಕೂತರೆ ಅವರಿಗೆ ಇಗರ್ಜಿಯ ಪ್ರಾರ್ಥನೆಗೆ ತಡವಾಗುತ್ತದೆ. ಬಾಯಮ್ಮ ಗಡಿಯಾಚೆಯ ಕೊಂಕಣಿ ಊರಿನಿಂದ ಮದುವೆಯಾಗಿ ಬಂದವರು, ತುಳುವಾಗಲಿ ಕನ್ನಡವಾಗಲಿ ಕೊನೆಗೂ ನಾಲಿಗೆಗೆ ಹತ್ತಲಿಲ್ಲ, ಅಕ್ಕನಿಗೆ ಕೊಂಕಣಿ ಬಾರದು. ಆದರೂ ಕಾಂಪೌಂಡ್ ಗೋಡೆಯ ಎರಡು ಬದಿಯಲ್ಲಿ ನಿಂತು ಅವರು ಕೊಂಕಣಿಯಲ್ಲಿ, ಇವರು ತುಳುವಿನಲ್ಲಿ, ಅಕ್ಕ ಮದುವೆಯಾಗಿ ಬಂದಂದಿನಿಂದ ಮಾತಾಡುತ್ತಿದ್ದಾರೆ.

ಅವರನ್ನು ಅಲ್ಲೇ ತಡೆದು ಕೂರಿಸಿದೆ.

"ಬಾಯಮ್ಮ ಹೇಳಿದ್ದೆಲ್ಲ ನಿಮಗೆ ಅರ್ಥ ಆಗ್ತದಾ?"

"ಎಲ್ಲ ಎಲ್ಲಿ ಮೇಡಂ? ಅರ್ಧ ಆಗ್ತದೆ. ಉಳಿದದ್ದು ಅಂದಾಜು."

"ಅದು ಸುಳ್ಳಾ ಹಾಗಾದರೆ?"

ಅಕ್ಕ ಚೀಲವನ್ನು ಮತ್ತೆ ಮೇಜಿನ ಮೇಲಿಟ್ಟರು. "ಅಲ್ಲ. ಆದರೆ ನನ್ನದು ಅಂದಾಜು ಅಂತ ಬಾಯಮ್ಮನಿಗೆ ಗೊತ್ತುಂಟು. ಪೇಪರ್ ನೋಡುವವರಿಗೆ ಗೊತ್ತಿರುವುದಿಲ್ಲ ಅಲ್ವಾ?"

ನನ್ನಷ್ಟು ವರ್ಷ ಪ್ರಶ್ನೆಪತ್ರಿಕೆ ಮಾಡಿದವರಿಗೆ ಇದು ಹೊಳೆಯಬೇಕಿತ್ತು. ಮುಂದಿನ ಟೆಸ್ಟಿನಲ್ಲಿ ಪ್ರತಿಯೊಂದು ಪ್ರಶ್ನೆಯ ಪಕ್ಕ ಎರಡು ಸಣ್ಣ ಚೌಕ ಹಾಕಿದೆ. ಒಂದರ ಮೇಲೆ 'ಗೊತ್ತು', ಇನ್ನೊಂದರ ಮೇಲೆ 'ಅಂದಾಜು'. ಉತ್ತರ ಬರೆದು, ಯಾವುದೆಂದು ಗುರುತು ಹಾಕಬೇಕು. ಯಾವುದಕ್ಕೆ ಹಾಕಿದರೂ ಮಾರ್ಕು ಕಡಿಮೆಯಾಗುವುದಿಲ್ಲ. ಹಿಂದಿನ ಬೆಂಚಿನ ಮಹಾನುಭಾವನೊಬ್ಬ ಮೂರನೆಯ ಚೌಕ ತಾನೇ ಬರೆದು 'ಸುಮ್ಮನೆ ಸಿ' ಎಂದು ಹೆಸರಿಟ್ಟಿದ್ದ. ಅವನೂ ಒಂದು ರೀತಿಯಲ್ಲಿ ದಾರಿಗೆ ಬಂದನೆಂದೇ ನಾನು ತಿಳಿದುಕೊಂಡೆ.

ಅಕ್ಕನ ಪೇಪರ್ ಮೊದಲ ಸಲ ತುಂಬಿ ಬಂತು. ಮೇಲಿನಿಂದ ಕೆಳಗಿನವರೆಗೆ ಅಂದಾಜು, ಅಂದಾಜು, ಅಂದಾಜು. ಹೆಚ್ಚಿನವು ಸರಿ. ಗೊತ್ತಿಲ್ಲದ ಶಬ್ದದ ಆಚೀಚೆ ಏನಿದೆಯೆಂದು ನೋಡಿ ಅದರ ಅರ್ಥ ಹಿಡಿಯುವುದನ್ನು ಅವರಿಗೆ ನಾನು ಕಲಿಸಬೇಕಾಗಿಯೇ ಇರಲಿಲ್ಲ. ಬಾಯಮ್ಮನ ಗೋಡೆಯ ಪಕ್ಕದಲ್ಲಿ ಕಲಿತದ್ದು ಧಾರಾಳ ಇತ್ತು. ಅವತ್ತು ಬಸ್ಸಿನಲ್ಲಿ ಮನೆಗೆ ಬರುವಾಗ ನನಗೆ ಖುಷಿಯಿಂದ ಯಾರಿಗಾದರೂ ಫೋನ್ ಮಾಡಬೇಕೆನಿಸಿತು.

ಖುಷಿ ನಮ್ಮ ವಿಭಾಗದ ಮುಖ್ಯಸ್ಥರ ಬಾಗಿಲವರೆಗೆ ಬಾಳಿತು. ಅವರು ಶಕ್ತಿನಗರದಿಂದ ಬರುವವರು, ಅವರದ್ದೂ ಪೂಜೆಯ ಮನೆತನವೇ. ಒಳ್ಳೆಯ ಮನುಷ್ಯ, ಆದರೆ ಶಬ್ದಪಟ್ಟಿಯ ಭಕ್ತ. ವಾಟ್ಸ್ಆ್ಯಪಿನಲ್ಲಿ ದಿನಾ ಬೆಳಿಗ್ಗೆ ಮಕ್ಕಳಿಗೆ ಹತ್ತಿಪ್ಪತ್ತು ಶಬ್ದ ಕಳಿಸುತ್ತಾರೆ. ಸೆಮಿಸ್ಟರ್ ಪರೀಕ್ಷೆಗೂ ಈ ಚೌಕ ಹಾಕೋಣ ಎಂದಾಗ ಕನ್ನಡಕ ತೆಗೆದು ನನ್ನನ್ನು ನೋಡಿದರು. ಪರೀಕ್ಷೆ ಎಂದರೆ ಗೊತ್ತುಂಟೋ ಇಲ್ಲವೋ ಎಂದು ನೋಡುವುದು ಮಾರಾಯ್ರೆ, ಅಂದಾಜು ನೋಡಲಿಕ್ಕೆ ನಾವೇನು ಜ್ಯೋತಿಷಿಗಳಾ ಎಂದರು. ಅಲ್ಲಿಗೆ ಮುಗಿಯಿತು.

ಪರೀಕ್ಷೆಯ ಹಿಂದಿನ ದಿನ ಅಕ್ಕ ಬಂದು, ನಾಳೆಯ ಪೇಪರಿನಲ್ಲಿ ಚೌಕ ಇರುವುದಿಲ್ಲ ಅಲ್ವಾ ಎಂದು ಕೇಳಿದರು. ಇರುವುದಿಲ್ಲ, ಆದರೂ ಎಲ್ಲವನ್ನೂ ಬರೆಯಿರಿ, ದಯವಿಟ್ಟು ಖಾಲಿ ಬಿಡಬೇಡಿ ಎಂದೆ. ನೋಡುವ ಮೇಡಂ ಎಂದು ಹೇಳಿ ಹೊರಟರು. ಮರುದಿನ ನನ್ನನ್ನು ಬೇರೆ ಕೋಣೆಯ ಮೇಲ್ವಿಚಾರಣೆಗೆ ಹಾಕಿದ್ದರು. ಪರೀಕ್ಷೆಯುದ್ದಕ್ಕೂ ನನ್ನ ಜೀವ ಅಕ್ಕನ ಕೋಣೆಯ ಮೊದಲ ಬೆಂಚಿನಲ್ಲಿತ್ತು.

ಎರಡು ದಿನ ಬಿಟ್ಟು ಮುಖ್ಯಸ್ಥರು ಒಂದು ಪೇಪರ್ ಹಿಡಿದು ಸ್ಟಾಫ್ ರೂಮಿಗೆ ಬಂದರು. ಮುಖ ಗಂಭೀರ. "ಇದು ಎಂತ ನೋಡಿ. ನಿಮ್ಮ ಬನ್ಸಿನವರದ್ದೇ."

ಅಕ್ಕನ ಅಕ್ಷರ. ಒಂದೂ ಖಾಲಿ ಇರಲಿಲ್ಲ. ಹೆಚ್ಚುಕಡಿಮೆ ಪ್ರತಿ ಉತ್ತರದ ಪಕ್ಕದಲ್ಲಿ, ಪೆನ್ಸಿಲಿನಲ್ಲಿ, ಸಣ್ಣದಾಗಿ 'ಅಂದಾಜು' ಎಂದು ಬರೆದಿತ್ತು. ಚೌಕ ಇಲ್ಲದಿದ್ದರೆ ಏನಾಯಿತು, ಅಕ್ಕ ತಾವೇ ದಾರಿ ಮಾಡಿಕೊಂಡಿದ್ದರು. ನನಗೆ ನಗು ಬಂತು, ಅದರ ಹಿಂದೆಯೇ ಹೆದರಿಕೆಯೂ ಬಂತು. ಉತ್ತರ ಬಿಟ್ಟು ಬೇರೇನನ್ನೂ ಪೇಪರಿನಲ್ಲಿ ಬರೆಯಬಾರದೆಂಬುದೇ ನಿಯಮ ಎಂದು ನಾವೆಲ್ಲ ತಿಳಿದಿದ್ದೆವು. ಬರೆದರೆ ತಾನು ಯಾರೆಂದು ಗುರುತು ತೋರಿಸಿದ ಹಾಗೆ, ಇಡೀ ಪೇಪರ್ ರದ್ದಾಗಬಹುದು. ಮುಖ್ಯಸ್ಥರೂ ಅದನ್ನೇ ಹೇಳಿದರು. ನಾನು ಅವರನ್ನು ಕೂರಿಸಿ, ದೀಪ ಹಚ್ಚಿದ ಮೇಲಿನ ಶ್ಲೋಕದಿಂದ ಹಿಡಿದು ಬಾಯಮ್ಮನ ಗೋಡೆಯವರೆಗೆ ಎಲ್ಲ ಹೇಳಿದೆ.

 ನಮ್ಮ ಮನೆಯಲ್ಲಿ ಅರ್ಥ ಕೇಳಿದರೆ ಪೆಟ್ಟು ಬೀಳ್ತಿತ್ತು ಎಂದು ಅವರು ಮೆಲ್ಲನೆ ಹೇಳಿದರು. ಆಮೇಲೆ ಮತ್ತೆ ಮಾಸ್ತರರಾದರು.

"ಆದರೂ ಇವರೇ ಅಂದಾಜು ಅಂತ ಹೇಳುವಾಗ ನಾನು ಮಾರ್ಕು ಹೇಗೆ ಕೊಡುವುದು?"

"ಉತ್ತರ ಸರಿ ಉಂಟಾ ಸರ್?"

"ಸರಿ ಉಂಟು. ಹೆಚ್ಚಿನದ್ದು ಸರಿಯೇ."

"ಉಳಿದವರದ್ದು ಅಂದಾಜು ಅಲ್ಲ ಅಂತ ನಿಮಗೆ ಹೇಗೆ ಗೊತ್ತು?"

ಅವರು ನಿಯಮವನ್ನು ಇನ್ನೊಮ್ಮೆ ತೆಗೆದು ಓದಿದರು. ಅದರಲ್ಲಿದ್ದದ್ದು ಹೆಸರು, ನಂಬರು, ದೇವರ ಹೆಸರು ಮತ್ತು ಚಿಹ್ನೆಗಳು. ಅಂದಾಜು ಎಂಬ ಪದ ಅದರಲ್ಲಿ ಎಲ್ಲೂ ಇರಲಿಲ್ಲ. ನನ್ನ ಮೇಜಿನ ಮೇಲಿದ್ದ ಕೆಂಪು ಪೆನ್ನನ್ನೇ ಎತ್ತಿಕೊಂಡು ಅಲ್ಲೇ ಕೂತು ಮಾರ್ಕು ಹಾಕತೊಡಗಿದರು. ಮುಂದಿನ ವರ್ಷ ನಿಮ್ಮ ಆ ಚೌಕ ಹಾಕಿ ನೋಡುವ ಎಂದು ತಲೆ ಎತ್ತದೆಯೇ ಹೇಳಿದರು.

ಗದ್ಯ ಇದ್ದದ್ದು ಒಬ್ಬ ದೀಪಸ್ತಂಭದ ಕಾವಲುಗಾರನ ಬಗ್ಗೆ. ಆ ದಾರಿಯಲ್ಲಿ ದೋಣಿಗಳು ಬರುವುದು ನಿಂತು ಹೋದ ಮೇಲೂ ಅವನು ದಿನಾ ದೀಪ ಉರಿಸುತ್ತಾನೆ. ಅವನು ಮಾಡಿದ್ದು ಸರಿಯೇ, ನಿಮ್ಮ ಅಭಿಪ್ರಾಯ ಬರೆಯಿರಿ ಎಂಬುದು ಕೊನೆಯ ಪ್ರಶ್ನೆ. ಮಕ್ಕಳು ಅಲ್ಲೂ ಗದ್ಯದ ಕೊನೆಯ ವಾಕ್ಯವನ್ನು ನಕಲು ಮಾಡಿದ್ದರು. ಅಕ್ಕ ತಮ್ಮ ಸೊಟ್ಟ ಇಂಗ್ಲಿಷಿನಲ್ಲಿ ಬರೆದದ್ದು ಇಷ್ಟು: ಅವನು ಮಾಡಿದ್ದು ಸರಿ. ದೋಣಿ ಇದೆಯೋ ಇಲ್ಲವೋ ಅವನಿಗೆ ಗೊತ್ತಿಲ್ಲ. ಆದರೆ ದೋಣಿಯಲ್ಲಿ ಯಾರಾದರೂ ಇದ್ದರೆ, ಇಲ್ಲಿ ಒಬ್ಬ ಇದ್ದಾನೆಂದು ಅವರಿಗೆ ಗೊತ್ತಾಗಬೇಕು. ಮುಖ್ಯಸ್ಥರು ಅದನ್ನು ಎರಡು ಸಲ ಓದಿ, ಪೇಪರನ್ನು ನನ್ನ ಕಡೆ ತಿರುಗಿಸಿದರು.

ಪಾಸಾಗಿದ್ದೀರಿ ಎಂದು ಫಲಿತಾಂಶ ಹೇಳಿದಾಗ ಅಕ್ಕ ಕ್ಯಾಂಟೀನಿನ ಮೆಟ್ಟಿಲ ಮೇಲೆ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನನ್ನ ಕಣ್ಣೂ ಒದ್ದೆಯಾಗಿತ್ತು, ಎಣ್ಣೆಯ ಹೊಗೆ ಎಂದು ಸುಳ್ಳು ಹೇಳೋಣವೆಂದರೆ ಅವತ್ತು ಎಣ್ಣೆ ಹೊಸತು. ಅಕ್ಕ ಇನ್ನು ನಿಲ್ಲಿಸುವುದಿಲ್ಲ ಎಂದರು. ಯಾವ ಯಾವ ಅಂದಾಜು ತಪ್ಪಿತು ಎಂದು ಒಂದೊಂದಾಗಿ ಕೇಳಿ ತಿಳಿದುಕೊಂಡರು. ಕೊನೆಯ ಪ್ರಶ್ನೆಗೆ ಪೂರ್ತಿ ಮಾರ್ಕು ಸಿಕ್ಕಿದ್ದನ್ನು ಹೇಳಿ, ಅದರ ಪಕ್ಕದಲ್ಲಿ ಮಾತ್ರ ಪೆನ್ಸಿಲಿನಲ್ಲಿ ಏನೂ ಬರೆದಿರಲಿಲ್ಲವಲ್ಲ, ಮರೆತಿರಾ ಎಂದು ಕೇಳಿದೆ.

"ಇಲ್ಲ ಮೇಡಂ," ಎಂದರು ಅಕ್ಕ. "ಅದೊಂದು ನನಗೆ ಗೊತ್ತಿತ್ತು."