ನೆನೆಸಿದ ಬಟ್ಟೆ

ನಿಟ್ಟೂರಿನ ಹರಿಜನ ಕಾಲೋನಿಯ ಕನ್ನಮ್ಮನಿಗೆ ಸರ್ಕಾರದ ಹೊಲಿಗೆ ಯಂತ್ರ ಬಂದದ್ದು ೧೯೬೪ರಲ್ಲಿ. ಆಗ ನಾನು ಬ್ಲಾಕ್ ಕಚೇರಿಯಲ್ಲಿ ಮುಖ್ಯಸೇವಿಕೆ. ತರಬೇತಿ ಕೊಟ್ಟವಳೂ ನಾನೇ, ಷರತ್ತು ಓದಿ ಹೇಳಿದವಳೂ ನಾನೇ: ಕೊಟ್ಟು ವರ್ಷ ತುಂಬುವಾಗ ಯಂತ್ರ ಸುಮ್ಮನೆ ಕೂತಿದ್ದರೆ ವಾಪಸು. ಕನ್ನಮ್ಮ ವಿಧವೆ. ಅವಳ ಹೆಸರಿನಲ್ಲಿ ಅದಕ್ಕೆ ಮುಂಚೆ ಯಾವ ವಸ್ತುವೂ ಇರಲಿಲ್ಲ.

ಕಾಲೋನಿಯ ಹೆಂಗಸರು ಸೀರೆಯನ್ನೇ ಹೆಗಲಿಗೆ ಗಂಟು ಕಟ್ಟುತ್ತಿದ್ದರು, ರವಿಕೆ ತೊಡುತ್ತಿರಲಿಲ್ಲ. ಕೆಲಸ ಬರಬೇಕಾದರೆ ಮೇಲ್ಜಾತಿಯವರ ತೋಟದ ಮನೆಗಳಿಂದಲೇ. ಅಲ್ಲಿನ ಮಡಿಯ ಪ್ರಕಾರ ನೀರು ಕಾಣದ ಹೊಸ ಬಟ್ಟೆಗೆ ಯಾರ ಕೈ ತಾಗಿದರೂ ಮೈಲಿಗೆಯಿಲ್ಲ, ಒಮ್ಮೆ ಒದ್ದೆಯಾದರೆ ಉಂಟು. ಹಾಗಾಗಿ ಅಂಥ ಒಂದು ಮನೆಯ ಯಜಮಾನಿ ಭಾಗೀರಥಮ್ಮ ಹೊಸ ಬಟ್ಟೆಯನ್ನೂ ಅಳತೆಗೊಂದು ಹರಿದ ರವಿಕೆಯನ್ನೂ ಅಂಗಳದ ಕಟ್ಟೆಯ ಮೇಲಿಡುತ್ತಿದ್ದರು. ಕನ್ನಮ್ಮ ಹೊಲಿದು ತಂದು ಅಲ್ಲೇ ಇಡುತ್ತಿದ್ದಳು.

ಮೊದಲ ಒಗೆತಕ್ಕೇ ಬಟ್ಟೆ ಕುಗ್ಗಿ ತೋಳು ಬಿಗಿಯಿತೆಂದು ಅವರು ಬೈದರು. ಮಗಳ ಮದುವೆಯ ರವಿಕೆಗಳಿಗೆ ಬಟ್ಟೆ ಬಂದಾಗ ಕನ್ನಮ್ಮ, ನಾನು ಕಲಿಸಿದಂತೆ, ನೆನೆಸಿ ಒಣಗಿಸಿ ಆಮೇಲೆ ಕತ್ತರಿಸಿದಳು. ಕೊಡುವಾಗ ಹಾಗೆಂದು ಹೇಳಿಯೂಬಿಟ್ಟಳು.

“ನೀರಿಗೆ ಹಾಕಿದ್ಯಾ? ಇನ್ನು ಇದು ನಮ್ಮನೆ ಒಳಗೆ ಬರೂದಿಲ್ಲ. ನೀನೇ ಇಟ್ಕ,” ಎಂದರು ಭಾಗೀರಥಮ್ಮ.

ಸುದ್ದಿ ಮಿಕ್ಕ ಮನೆಗಳಿಗೂ ಹೋಗಿ ಕೆಲಸ ನಿಂತಿತು. ಇನ್ನು ಮುಂದೆ ನೆನೆಸುವುದಿಲ್ಲ ಎಂದು ಹೇಳಿ ಬಾ, ನೆನೆಸಿದರೂ ಯಾರಿಗೆ ಗೊತ್ತಾಗುತ್ತದೆ ಎಂದು ಗ್ರಾಮಸೇವಕ ಹೂವಪ್ಪ ಬುದ್ಧಿ ಹೇಳಿದ.

“ನೆನೆಸ್ದೆ ಇದ್ರೆ ತೋಳು ಬಿಗೀತದೆ. ನೆನೆಸಿ ಇಲ್ಲ ಅಂದ್ರೆ ನಾ ದಿನಾ ಹೆದರ್ಕೊಂಡು ಹೊಲೀಬೇಕು,” ಎಂದಳು ಕನ್ನಮ್ಮ.

ವರ್ಷ ಮುಗಿದಾಗ ಯಂತ್ರ ವಾಪಸು ತರಲು ನಾನು ಜೀಪಿನಲ್ಲಿ ಹೋದೆ. ಕನ್ನಮ್ಮ ಹೊಲಿಯುತ್ತಿದ್ದಳು. ಭಾಗೀರಥಮ್ಮ ಬಿಟ್ಟ ರವಿಕೆಗಳನ್ನು ಬಿಚ್ಚಿ ಕಾಲೋನಿಯ ಮೈಗಳಿಗೆ ಹೊಂದಿಸಿದ್ದಳು. ಅದನ್ನು ನೋಡಿ ಉಳಿದವರೂ ಸಂತೆಯಿಂದ ತುಂಡು ಬಟ್ಟೆ ತಂದಿದ್ದರು. ಬಾಗಿಲಲ್ಲಿ ಕೂತ ಮುದುಕಿ ದುಗ್ಗಮ್ಮನ ಮೈಮೇಲೆ ಮದುವೆಯ ಹಸಿರು ರವಿಕೆ.

“ರವಿಕೆ ಬಂತು. ಗಂಡು ಯಾವಾಗ ಬರ್ತಾನೆ ಅಂತ ಕಾಯ್ತಾ ಇದೀನಿ,” ಎಂದಳು ದುಗ್ಗಮ್ಮ.

ಯಾರೂ ನಗಲಿಲ್ಲ. ಎಲ್ಲರ ಕಣ್ಣು ಜೀಪಿನ ಮೇಲಿತ್ತು.

ಸಂಪಾದನೆ ಏನೆಂದು ಕೇಳಿದೆ. ಕಾಸಿಲ್ಲ, ಮುಯ್ಯಾಳು ಎಂದಳು ಕನ್ನಮ್ಮ. ರವಿಕೆ ಹೊಲಿಸಿಕೊಂಡವಳು ಒಂದು ದಿನ ಕನ್ನಮ್ಮನ ಬದಲು ಗದ್ದೆಗೆ ಹೋಗಿ ಆ ದಿನದ ಭತ್ತ ತಂದುಕೊಡಬೇಕು. ಅಂದೂ ಅವಳ ಪಾಲಿನ ನಾಟಿಗೆ ಹುಲಿಗೆಮ್ಮ ಎಂಬವಳು ಹೋಗಿದ್ದಳು.

ಯಂತ್ರ ನಡೆಯಬೇಕೆಂದು ನಿಯಮದಲ್ಲಿತ್ತು, ಕಾಸಿನ ಮಾತಿರಲಿಲ್ಲ. ಜೀಪು ಖಾಲಿ ಹಿಂದಿರುಗಿತು. ಕನ್ನಮ್ಮ ಸಾಯುವವರೆಗೂ ಕಾಲೋನಿಗೆ ಹೊಲಿದಳು, ಎಲ್ಲವನ್ನೂ ನೆನೆಸಿಯೇ. ತೋಟದ ಮನೆಗಳಿಂದ ಮತ್ತೆ ಬಟ್ಟೆ ಬರಲಿಲ್ಲ.