ಕರಿಬೇವಿನ ಗಿಡದ ಹುಳು

ತುಮಕೂರಿನ ನಮ್ಮ ಮನೆಯ ಹಿತ್ತಲಿನಲ್ಲಿ ಹೆಸರಿಗೆ ಕೈತೋಟ, ಇರುವುದು ನಾಲ್ಕು ಗಿಡ. ಅದರಲ್ಲಿ ಕರಿಬೇವಿನ ಗಿಡವನ್ನು ಹುಳುಗಳು ಬೋಳು ಮಾಡುತ್ತಿದ್ದವು. ಒಗ್ಗರಣೆಗೆ ಒಂದೆಸಳು ಸಿಗದೆ ರೇಗಿಹೋಗಿ ಒಂದು ಬೆಳಿಗ್ಗೆ ಪೊರಕೆ ಹಿಡಿದು ಹೊರಟೆ. ಹಿಂದಿನಿಂದ ಅಮ್ಮ ಕೂಗಿದಳು: "ಹುಳ ಮುಟ್ಬ್ಯಾಡ ಕಣೇ! ಇನ್ನೇನು ಗೂಡು ಕಟ್ತವೆ, ಬುಡು."

ಅಮ್ಮ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಹತ್ತಿರದವಳು. ಮೂವತ್ತು ವರ್ಷ ರೇಷ್ಮೆ ಹುಳು ಸಾಕಿದ್ದಳು. ತನ್ನ ಊಟ ಬಿಟ್ಟಾಳು, ಹುಳುಗಳಿಗೆ ಸೊಪ್ಪು ಹಾಕುವ ಹೊತ್ತು ತಪ್ಪಿಸಳು. ಆದರೆ ಅಷ್ಟು ವರ್ಷದಲ್ಲಿ ಗೂಡಿನಿಂದ ಒಂದು ಚಿಟ್ಟೆ ಹೊರಬಂದದ್ದನ್ನೂ ಅವಳು ನೋಡಿರಲಿಲ್ಲ. ಚಿಟ್ಟೆ ತೂತು ಮಾಡಿಕೊಂಡು ಬಂದರೆ ರೇಷ್ಮೆ ಎಳೆ ತುಂಡಾಗುತ್ತದೆ. ಅದಕ್ಕೆ ಮೊದಲೇ ಗೂಡು ಮಾರುಕಟ್ಟೆಗೆ ಹೋಗಿ ಬಿಸಿನೀರಿಗೆ ಬೀಳಬೇಕು. "ಒಂದಾದ್ರೂ ಈಚೆ ಬರೋದು ನೋಡ್ಬೇಕು" ಎಂದಳು.

ಆಗ ಅವಳು ನಮ್ಮ ಮನೆಯಲ್ಲಿದ್ದದ್ದು ಆಸ್ಪತ್ರೆಗೆ ಹತ್ತಿರವಾಗಲಿ ಎಂದು. ಹೊಟ್ಟೆಯಲ್ಲಿ ಕ್ಯಾನ್ಸರ್, ಕೈಮೀರಿದೆ ಎಂದು ಡಾಕ್ಟರು ನನಗೂ ಗುಬ್ಬಿಯಲ್ಲಿರುವ ನನ್ನ ತಮ್ಮನಿಗೂ ಹೇಳಿದ್ದರು. ನಾವು ಅಮ್ಮನಿಗೆ ಹೇಳಿದ್ದು ಅಲ್ಸರ್ ಎಂದು. ನಮ್ಮ ಕಡೆ ಹಾಗೇ, ರೋಗಿಯೊಬ್ಬರನ್ನು ಬಿಟ್ಟು ಬೀದಿಗೆಲ್ಲ ಗೊತ್ತಿರುತ್ತದೆ. "ಗೊತ್ತಾದ್ರೆ ಆ ಯೋಚ್ನೇಲೇ ಹೋಗ್ಬುಡ್ತಾಳೆ. ಬಾಯ್ಬುಡ್ಬೇಡ ಕಣಕ್ಕ" ಎಂದು ತಮ್ಮ ದಿನಾ ಫೋನಿನಲ್ಲಿ ಎಚ್ಚರಿಸುತ್ತಿದ್ದ. ನಾನು ರಿಪೋರ್ಟನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಬಚ್ಚಿಟ್ಟು ಅವಳೆದುರು ನಗುನಗುತ್ತ ಓಡಾಡುತ್ತಿದ್ದೆ. ಆ ನಗುವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಗಿಡದಲ್ಲಿದ್ದ ಹುಳುಗಳಲ್ಲಿ ಹಕ್ಕಿಗಳು ತಿಂದು ಉಳಿಸಿದ್ದು ಒಂದೇ, ಬೆರಳು ಗಾತ್ರದ ಹಸಿರು ಹುಳು. ಅದನ್ನು ರೆಂಬೆ ಸಮೇತ ತಂದು ರಟ್ಟಿನ ಡಬ್ಬದಲ್ಲಿಟ್ಟು ಮೇಲೆ ಸೊಳ್ಳೆ ಪರದೆ ಕಟ್ಟಿದೆ. ಅಮ್ಮ ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದಳು, ಏನೂ ಹೇಳಲಿಲ್ಲ. ಎಳೆ ಎಲೆ ಆಯ್ದು, ನೀರಿನ ಪಸೆ ಒರೆಸಿ, ಹೊತ್ತಿಗೆ ಸರಿಯಾಗಿ ಹಾಕಿದಳು. ಎರಡು ಚಮಚ ಗಂಜಿ ಕುಡಿಯಲು ಒದ್ದಾಡುತ್ತಿದ್ದವಳು ಹುಳು ತಿನ್ನುವುದನ್ನು ಗಂಟೆಗಟ್ಟಲೆ ನೋಡುತ್ತ ಕೂರುತ್ತಿದ್ದಳು. ಮೂರನೆಯ ದಿನ ಅದು ಕಡ್ಡಿಗೆ ಆತುಕೊಂಡು ಕೋಶವಾಯಿತು. ಚಿಟ್ಟೆ ಬಂದರೆ ಅಮ್ಮನಿಗೂ ವಾಸಿಯಾಗುತ್ತದೆ ಎಂಬ ಮರುಳು ನನಗೆ ಹತ್ತಿತು. ಪಾಠ ಹೇಳಿ ಸಂಬಳ ತಗೊಳ್ಳುವವಳು ನಾನು, ಆದರೂ ನಂಬಿದೆ.

ಹತ್ತು ದಿನ ಕಳೆದು ಬೆಳಿಗ್ಗೆ ಪರದೆ ಸರಿಸಿದರೆ ಕೋಶದಲ್ಲಿ ತೂತು, ಚಿಟ್ಟೆ ಇಲ್ಲ. ಡಬ್ಬದ ತಳದಲ್ಲಿ ಅನ್ನದ ಅಗುಳಿನಂಥ ಎರಡು ಬಿಳಿ ಹುಳುಗಳು ಹೊರಳುತ್ತಿದ್ದವು.

"ಊಜಿ" ಎಂದಳು ಅಮ್ಮ. ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆಯಿಡುವ ನೊಣ ಅದು, ಮರಿಗಳು ಒಳಗೊಳಗೇ ತಿಂದು ಬೆಳೆಯುತ್ತವೆ. ಇದೂ ಅಂಥದೇ ಯಾವುದೋ ನೊಣ ಇರಬೇಕು. "ತಂದ ದಿವ್ಸಾನೇ ಮೈಮ್ಯಾಲೆ ಕರೀ ಚುಕ್ಕೆ ಇತ್ತು. ನೋಡ್ದೆ."

"ಮತ್ಯಾಕೆ ಹೇಳ್ಲಿಲ್ಲ?" ಸಿಟ್ಟು ನೆತ್ತಿಗೇರಿ ಕೂಗಿದೆ. "ಸಾಯೋ ಹುಳಕ್ಕೆ ಯಾಕೆ ಎಲೆ ಹಾಕ್ತಾ ಕೂತೆ?"

"ತಿಂತಿತ್ತಲ್ಲ, ಪಾಪ. ನೀನೂ ಖುಷಿಯಾಗಿದ್ದೆ. ಹೇಳಕ್ಕೆ ಮನ್ಸು ಬರ್ಲಿಲ್ಲ." ಡಬ್ಬದ ಮೇಲೆ ಪರದೆ ಎಳೆದು, "ನಿಂಗೂ ಹಂಗೇ ಆಗಿರ್ಬೇಕು. ಈಗ ಹೇಳು, ಡಾಕ್ಟ್ರು ಇನ್ನೆಷ್ಟು ದಿನ ಅಂದವ್ರೆ?" ಎಂದಳು.

ಅಲ್ಸರ್ ಎನ್ನಲು ನಾಲಿಗೆ ಹೊರಳಲಿಲ್ಲ. "ಎರಡು ತಿಂಗ್ಳು" ಎಂದೆ.

ಮೊಟ್ಟೆಯಿಂದ ಗೂಡು ಬಿಡಿಸುವವರೆಗೆ ರೇಷ್ಮೆ ಹುಳುವಿಗೆ ಸುಮಾರು ಒಂದು ತಿಂಗಳು ಬೇಕು. ಅದನ್ನು ಸಾಕುವವರು ಒಂದು ಬೆಳೆ ಅನ್ನುತ್ತಾರೆ.

"ಎರಡು ಬೆಳೆ" ಎಂದಳು ಅಮ್ಮ. ನಾನು ಅವಳ ಮಡಿಲಿಗೆ ಬಿದ್ದು ಅತ್ತೆ. ಅವಳು ನನ್ನ ಬೆನ್ನು ಸವರುತ್ತ ಕೂತಿದ್ದಳು.

ಎರಡನೆಯ ಬೆಳೆ ಕೈಗೆ ಬರಲಿಲ್ಲ.