ಮೇಲಿನ ಸಾಲು ನಾವು ಹೇಳ್ತೀವಿ

ಮೇಷ್ಟ್ರ ಎಡಗೈ ಸುಮ್ಮನಿದ್ದದ್ದನ್ನು ನಾನು ನೋಡಿಲ್ಲ. ಬಸ್ಸಿನಲ್ಲಿ ಕೂತಿರಲಿ, ಹೋಟೆಲಿನಲ್ಲಿ ಚಿತ್ರಾನ್ನ ತಿನ್ನುತ್ತಿರಲಿ, ಅದು ತೊಡೆಯ ಪಕ್ಕದಲ್ಲಿ ಹಿಂದಕ್ಕೂ ಮುಂದಕ್ಕೂ ಆಡುತ್ತಲೇ ಇರುತ್ತಿತ್ತು. ಇಲ್ಲದ ಹಾರ್ಮೋನಿಯಂಗೆ ಗಾಳಿ ಹಾಕುವ ಕೈ ಅದು. ಆಯುಷ್ಯವಿಡೀ ಹಳ್ಳಿ ನಾಟಕಗಳಿಗೆ ಪೇಟಿ ನುಡಿಸಿ ಅವರ ಎಡಭುಜ ಬಲಭುಜಕ್ಕಿಂತ ಒಂದು ಬೆರಳಷ್ಟು ಇಳಿದುಬಿಟ್ಟಿತ್ತು. ಹೊಸ ಅಂಗಿ ಹೊಲಿಸಿದಾಗಲೆಲ್ಲ ದರ್ಜಿಯೊಂದಿಗೆ ಜಗಳ. "ಅಂಗಿ ಸರಿಯಾಗೈತೆ ಮೇಷ್ಟ್ರೇ, ನೀವೇ ವಾರೆ" ಅಂತ ದರ್ಜಿ ಹೇಳಿದ್ದನ್ನು ಅವರೇ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದರು.

ನನ್ನದು ಶಿರಾದಲ್ಲಿ ಮೆಡಿಕಲ್ ಶಾಪು. ಅಪ್ಪ ತೀರಿಕೊಂಡ ಮೇಲೆ ಅಂಗಡಿ ನನ್ನ ಕೈಗೆ ಬಂತು. "ಗಂಡಸರು ಯಾರೂ ಇಲ್ವಾ?" ಎಂದು ಕೇಳುತ್ತಿದ್ದ ಗಿರಾಕಿಗಳಿಗೆ ಜ್ವರದ ಮಾತ್ರೆಯನ್ನೂ ಖಾರದ ಉತ್ತರವನ್ನೂ ಒಟ್ಟಿಗೇ ಕಟ್ಟಿಕೊಟ್ಟು ವ್ಯಾಪಾರ ಕಲಿತವಳು ನಾನು. ಆ ದಿನಗಳಲ್ಲಿ ಬೆಳಿಗ್ಗೆ ಶಟರ್ ಎತ್ತುವ ಮೊದಲು ಒಂದು ಹಾಡು ಕೇಳದಿದ್ದರೆ ನನ್ನ ತೋಳಿಗೆ ಬಲವೇ ಬರುತ್ತಿರಲಿಲ್ಲ. ಬೆಂಗಳೂರಿನ ಹಳೆಯ ರಾಕ್ ಬ್ಯಾಂಡೊಂದರ ಹಾಡು ಅದು. ಕ್ಯಾಸೆಟ್ಟಿನ ಕಾಲದಿಂದ ಕನ್ನಡದಲ್ಲೇ ಹಾಡಿಕೊಂಡು ಬಂದವರು ಅವರು. ಹಾಡು ತಗ್ಗಿನಲ್ಲಿ ಶುರುವಾಗುತ್ತದೆ, ಸಾಲಿನಿಂದ ಸಾಲಿಗೆ ಏರುತ್ತದೆ, ಕೊನೆಯ ಸಾಲಿನಲ್ಲಿ ಮೇಲೆ ಹೋಗಿ ಅಲ್ಲೇ ನಿಂತುಬಿಡುತ್ತದೆ. ನಾವು ಅಭಿಮಾನಿಗಳು ಅದನ್ನು ಏರುಹಾಡು ಎಂದೇ ಕರೆಯುತ್ತಿದ್ದೆವು.

ಒಂದು ದಿನ ಮಧುಗಿರಿ ಬಸ್ಸಿನಲ್ಲಿ ಇದೇ ಹಾಡನ್ನು ಕಿವಿಗೆ ಸಿಕ್ಕಿಸಿಕೊಂಡು ಕೂತಿದ್ದೆ. ಪಕ್ಕದಲ್ಲಿದ್ದ ಬಿಳಿ ಪಂಚೆಯ ಹಿರಿಯರ ಕೈ ನನ್ನ ಹಾಡಿನ ಲಯಕ್ಕೆ ಸರಿಯಾಗಿ ಆಡುತ್ತಿತ್ತು. ನನ್ನ ಇಯರ್‌ಫೋನಿನಿಂದ ಅಷ್ಟೊಂದು ಸೋರುತ್ತಿತ್ತು ಅನ್ನುವುದು ನನಗೆ ಗೊತ್ತಾದದ್ದೇ ಆಗ.

"ಅದ್ಯಾವ ನಾಟಕದ್ದಮ್ಮ?" ಎಂದು ಕೇಳಿದರು.

ನಾಟಕದ್ದಲ್ಲ ಎಂದು ಒಂದು ತುದಿಯನ್ನು ಅವರ ಕಿವಿಗೆ ಕೊಟ್ಟೆ. ಬಡವನಹಳ್ಳಿ ದಾಟುವವರೆಗೂ ಕಣ್ಣು ಮುಚ್ಚಿಕೊಂಡು ಕೇಳಿದರು. ಮುಗಿದ ಮೇಲೆ, "ತಮಟೆ ಜಾಸ್ತಿ ಆಯ್ತು. ಹಾಡೋನು ಮಾತ್ರ ಮನುಷ್ಯ ಕಣಮ್ಮ" ಅಂದರು. ಡ್ರಮ್ಸಿಗೆ ಅವರು ಕೊನೆಯವರೆಗೂ ತಮಟೆ ಎಂದೇ ಹೇಳುತ್ತಿದ್ದರು.

ಹಾಗೆ ಅವರು ನಮ್ಮ ಗುಂಪಿಗೆ ಬಂದರು. ಗುಂಪೇನು ದೊಡ್ಡದಲ್ಲ. ನಾನು, ಶಿರಾದಲ್ಲೇ ಕಾರುಗಳ ಎ.ಸಿ. ರಿಪೇರಿ ಮಾಡುವ ಇಮ್ತಿಯಾಜ್, ಪಾವಗಡದ ಕಡೆ ಸೋಲಾರ್ ಪಾರ್ಕಿನಲ್ಲಿ ಕೆಲಸ ಮಾಡುವ ಓಬಳೇಶ. ಮಿಕ್ಕವರು ಬರುತ್ತಿದ್ದರು, ಹೋಗುತ್ತಿದ್ದರು. ವಾಟ್ಸಾಪಿನಲ್ಲಿ ಬಡಿದಾಡಿ ಸಾಕಾಗಿದ್ದ ನಮಗೆ ಕೂತು ಬಡಿದಾಡಲು ಜಾಗ ಕೊಡಿಸಿದವರು ಮೇಷ್ಟ್ರು. ಮಧುಗಿರಿಯಲ್ಲಿ ಅವರ ಸ್ನೇಹಿತರೊಬ್ಬರು ನಾಟಕದ ಸೀನರಿ ಬಾಡಿಗೆಗೆ ಕೊಡುತ್ತಿದ್ದರು. ಅವರ ಗೋದಾಮಿನಲ್ಲಿ ಸಿಂಹಾಸನಗಳ ಮೇಲೆ ಕೂತು, ಬಣ್ಣ ಹೋದ ಗದೆಗಳನ್ನು ಕಾಲಿನಿಂದ ಆಚೆ ಸರಿಸಿ, ಭಾನುವಾರ ಮಧ್ಯಾಹ್ನ ನಾವು ರಾಕ್ ಸಂಗೀತ ಚರ್ಚಿಸುತ್ತಿದ್ದೆವು. ಓಬಳೇಶ ಯಾವಾಗಲೂ ದೊಡ್ಡ ಸಿಂಹಾಸನವನ್ನೇ ಹಿಡಿಯುತ್ತಿದ್ದ. ಅವನಿಗೆ ಅದೊಂದು ಚಪಲ.

ಬ್ಯಾಂಡಿನವರು ಬಹಳ ವರ್ಷದ ಮೇಲೆ ಮತ್ತೆ ಊರೂರು ಸುತ್ತುತ್ತಾರೆ, ಮೊದಲ ಕಾರ್ಯಕ್ರಮ ತುಮಕೂರಿನಲ್ಲೇ ಎಂದು ಗೊತ್ತಾದಾಗ ನಮಗೆ ಹಬ್ಬ. ಯಾವ ಹಾಡುಗಳು ಬೇಕೋ ಬರೆದು ತಿಳಿಸಿ ಎಂದು ಅವರೇ ಕೇಳಿದ್ದರು. ಅಲ್ಲಿಂದ ಶುರುವಾಯಿತು ನಮ್ಮ ಕಿತ್ತಾಟ. ಇಮ್ತಿಯಾಜನಿಗೆ ಎಲ್ಲಕ್ಕಿಂತ ಜೋರಿನ ಹಾಡು ಮೊದಲೇ ಬರಬೇಕು. ಮೇಷ್ಟ್ರು ಒಪ್ಪಲಿಲ್ಲ.

"ಲೇ, ಗದೆ ಹಿಡಿಯೋ ಪಾರ್ಟನ್ನ ಮೊದ್ಲೇ ಸ್ಟೇಜಿಗೆ ಬುಟ್ರೆ ಆಮ್ಯಾಕೆ ಯಾರನ್ನ ಬುಡ್ತೀಯಾ? ಮೊದ್ಲು ಒಂದು ಪ್ರಾರ್ಥನೆ ಆಗ್ಲಿ."

"ಅರೇ ಮೇಷ್ಟ್ರೇ, ರಾಕ್ ಬ್ಯಾಂಡಲ್ಲಿ ಪ್ರಾರ್ಥನೆ ಎಲ್ಲಿಂದ ತರೋದು? ಬಿಲ್‌ಕುಲ್ ಆಗಲ್ಲ."

"ಅವ್ರ ತಾವ ನಿಧಾನದ ಹಾಡು ಒಂದೂ ಇಲ್ವೇನ್ಲಾ? ಅದೇ ಪ್ರಾರ್ಥನೆ ಕಣ್ಲಾ."

ಆಶ್ಚರ್ಯವೆಂದರೆ, ಅವರು ಹೇಳಿದ ಕ್ರಮದಲ್ಲಿ ಹಾಡುಗಳನ್ನು ಜೋಡಿಸಿ ಕೇಳಿದರೆ ಚೆನ್ನಾಗಿಯೇ ಇತ್ತು. ಇಮ್ತಿಯಾಜನೂ ಮೂಗು ಮುರಿಯುತ್ತಲೇ ಒಪ್ಪಿಕೊಂಡ. ಜಗಳ ಬಂದದ್ದು ಕೊನೆಯ ಹಾಡಿನ ಹತ್ತಿರ. ಏರುಹಾಡು ಕೊನೆಗೆ ಬರಲೇಬೇಕು ಎಂದೆ ನಾನು. ಬೇಡ ಎಂದರು ಮೇಷ್ಟ್ರು.

ಬೇರೆ ಯಾರು ಬೇಡ ಅಂದಿದ್ದರೂ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಆ ಹಾಡು ನನಗೇನು ಎಂಬುದು ಅವರಿಗೆ ಗೊತ್ತಿತ್ತು. ಒಂದು ಸಲವಾದರೂ ಅದನ್ನು ಆ ಬ್ಯಾಂಡಿನ ಗಾಯಕನ ಬಾಯಿಂದಲೇ, ಎದುರಿಗೆ ನಿಂತು ಕೇಳಬೇಕೆಂಬುದು ನನ್ನ ದೊಡ್ಡ ಆಸೆಯಾಗಿತ್ತು. ಓಬಳೇಶನೂ ನನ್ನ ಕಡೆ. "ಆ ಪಾಟ ಇಲ್ದಿದ್ರೆ ನೇನು ರಾನು ಸಾ, ಅಷ್ಟೇ" ಎಂದು, ತಾನು ಬರುವುದೇ ಇಲ್ಲವೆಂದು ತನ್ನ ತೆಲುಗಿನಲ್ಲಿ ಹೇಳಿ ಸಿಂಹಾಸನದಿಂದ ಎದ್ದೇಬಿಟ್ಟ.

ಮೇಷ್ಟ್ರು ನನ್ನ ಫೋನು ಇಸಿದುಕೊಂಡು, ಆ ಗಾಯಕ ಈಚೆಗೆ ಎಲ್ಲೋ ಹಾಡಿದ್ದ ಒಂದು ವಿಡಿಯೊ ಹಾಕಿಸಿದರು. ಅರವತ್ತು ದಾಟಿದ ಮನುಷ್ಯ. ಬೇರೆ ಹಾಡುಗಳನ್ನು ಸಲೀಸಾಗಿ ಹಾಡುತ್ತಿದ್ದ, ಆದರೆ ಮೇಲಿನ ಸ್ವರ ಬಂದ ಕಡೆಯಲ್ಲೆಲ್ಲ ಗಿಟಾರಿನವನ ಮುಖ ನೋಡುತ್ತಿದ್ದ. ನಾನು ಆ ವಿಡಿಯೊ ಎಷ್ಟೋ ಸಲ ನೋಡಿದ್ದೆ. ಆ ನೋಟವನ್ನು ನೋಡಿರಲಿಲ್ಲ.

"ಆಯಪ್ಪಂಗೆ ಆ ಸಾಲು ಈಗ ಸಿಗಾಕಿಲ್ಲ ಕಣಮ್ಮ" ಎಂದರು ಮೇಷ್ಟ್ರು. "ನೀವು ಬೇಕು ಅಂತ ಹಟ ಹಿಡುದ್ರೆ ಹಾಡ್ತಾನೆ. ಅಭಿಮಾನಿಗಳು ಕೇಳವ್ರೆ ಅಂತ ಹಾಡೇ ಹಾಡ್ತಾನೆ. ಅಷ್ಟು ಜನದ ಮುಂದೆ ಕೊರಳು ಒಡೀತದೆ. ಆಮ್ಯಾಕೆ ಎಲ್ರೂ ಅದ್ನೇ ಫೋನಲ್ಲಿ ಹಾಕ್ಕಂಡು ನಗ್ತಾರೆ. ನಿನ್ನ ಹಾಡು ನಗೆಪಾಟಲಾದ್ರೆ ನಿಂಗೆ ಸಮಾಧಾನವಾ?"

ವಾದದಲ್ಲಿ ಸೋತಾಗ ನನಗೆ ಅಳು ಬರುತ್ತದೆ. ಅಂಗಡಿಯಲ್ಲಾದರೆ ಔಷಧಿ ಹುಡುಕುವ ನೆಪದಲ್ಲಿ ಒಳಗೆ ಹೋಗುತ್ತೇನೆ. ಗೋದಾಮಿನಲ್ಲಿ ಹೋಗಲು ಜಾಗವಿರಲಿಲ್ಲ. ಬರೀ ರಾಜಬೀದಿ ಬರೆದ ಪರದೆಗಳು.

ಆಗ ಮೇಷ್ಟ್ರು ಕೊರಟಗೆರೆ ಸೀಮೆಯ ಒಂದು ಹಳ್ಳಿಯ ಕಥೆ ಹೇಳಿದರು. ಅಲ್ಲಿ ಕುರಿ ಸಾಕುವ ಹಿರಿಯರೊಬ್ಬರು ಪ್ರಾಯದಿಂದಲೂ ರಾಜನ ಪಾರ್ಟು ಮಾಡುತ್ತಿದ್ದರಂತೆ. ಒಂದು ವರ್ಷ ನಾಟಕದ ನಡುವೆ ಅವರ ಕೊರಳು ಮೇಲಿನ ಸ್ವರದಲ್ಲಿ ಕಟ್ಟಿಕೊಂಡಿತು. ಜನ ಸೀಟಿ ಹೊಡೆಯಲು ಶುರುಮಾಡಿದರು. ಮೇಷ್ಟ್ರು ತಟ್ಟನೆ ಪೇಟಿಯಲ್ಲಿ ಶ್ರುತಿ ಇಳಿಸಿ, ಬಲಗೈ ಎತ್ತಿ ಹೆಂಗಸರು ಕೂತಿದ್ದ ಕಡೆ ಬೀಸಿದರು. ತಾಲೀಮು ನಡೆದ ಮನೆಯ ಆಚೆ ಈಚೆ ತಿಂಗಳುಗಟ್ಟಲೆ ರಾಗಿ ಬೀಸುತ್ತ, ಮಕ್ಕಳಿಗೆ ಉಣ್ಣಿಸುತ್ತ ಆ ಹಾಡು ಕೇಳಿಸಿಕೊಂಡಿದ್ದ ಹೆಂಗಸರು. ಬಾಯಿಪಾಠವಾಗಿತ್ತು. ಒಬ್ಬಳು ಎತ್ತಿಕೊಂಡಳು, ಮಿಕ್ಕವರು ಸೇರಿಕೊಂಡರು. ರಾಜ ಸೋಲಲಿಲ್ಲ.

"ಅಂಗಾರೆ ನಾವೂ ಅಂಗೇ ಮಾಡಾಣ" ಎಂದವನು ಓಬಳೇಶ. ಅದನ್ನು ಅವನು ಹೇಳಲಿ ಎಂದೇ ಮೇಷ್ಟ್ರು ಕಾಯುತ್ತಿದ್ದರು ಎಂದು ನನಗೆ ಇವತ್ತಿಗೂ ಗುಮಾನಿ.

ಬ್ಯಾಂಡಿನವರಿಗೆ ಮೇಷ್ಟ್ರು ಹೇಳಿದ ಹಾಗೆಯೇ ಬರೆದು ಕಳಿಸಿದೆವು: ಏರುಹಾಡು ಕೊನೆಗೆ ಬರಲಿ. ಪೇಟಿಯಲ್ಲಿ ಎರಡು ಮನೆ ಇಳಿಸಿ ಹಾಡಿ. ಮೇಲಿನ ಸಾಲು ನಾವು ಹೇಳ್ತೀವಿ. ಮನೆ ಅಂದರೆ ಪೇಟಿಯ ಒಂದು ಕೀಲಿ; ಅವರಲ್ಲಿ ಪೇಟಿಯೇ ಇಲ್ಲವಲ್ಲ ಎಂದು ಯಾರಿಗೂ ಹೊಳೆಯಲಿಲ್ಲ. ಆ ಕಡೆಯಿಂದ ಕೈಮುಗಿದ ಒಂದು ಚಿತ್ರ ಬಂತು, ಅಷ್ಟೇ. ಹಾಡುತ್ತಾರೋ ಇಲ್ಲವೋ ಅದರಲ್ಲಿ ಇರಲಿಲ್ಲ.

ಆದರೂ, ಬಂದು ಹೋಗುತ್ತಿದ್ದವರನ್ನೆಲ್ಲ ಸೇರಿಸಿಕೊಂಡು ತಾಲೀಮು ಶುರುವಾಯಿತು. ನಾಟಕ ಕಲಿಸುವ ರೀತಿಯೇ. ಮೇಷ್ಟ್ರು ಒಂದು ಸಾಲು ನುಡಿಸುವುದು, ನಾವು ಹೇಳುವುದು, ತಪ್ಪಿದವರ ತೊಡೆಗೆ ಬೆರಳ ಗೆಣ್ಣಿನ ಏಟು. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಹಾಡುತ್ತಿದ್ದದ್ದು ಮದುವೆಯ ಹಸೆಗೆ ಮಾತ್ರ. ಅಲ್ಲೂ ನಾನು ಹಿಂದೆ ನಿಂತು ಬಾಯಾಡಿಸುತ್ತಿದ್ದೆ. ಇಲ್ಲೂ ಅದೇ ಉಪಾಯ ಹೂಡಿದೆ. ಅಷ್ಟು ಜನರ ಗದ್ದಲದಲ್ಲೂ ಮೇಷ್ಟ್ರು ಪೇಟಿ ನಿಲ್ಲಿಸಿ ನನ್ನನ್ನೇ ನೋಡಿದರು.

"ತುಟಿಗೆ ಕೆಲಸ ಕೊಟ್ಟು ಕೊರಳಿಗೆ ರಜಾ ಕೊಟ್ಟಿದ್ದೀಯ. ಅಂಗಡೀಲಿ ಬೈಯೋವಾಗ ಎಲ್ಲಿಂದ ಬತ್ತದೋ ಅಲ್ಲಿಂದಲೇ ತೆಗಿ."

ತೆಗೆದೆ. ಮೊದಲ ದಿನ ನಾಯಿ ಓಡಿಹೋಯಿತು ಎಂದು ಇಮ್ತಿಯಾಜ್ ಹೇಳಿಕೊಂಡು ತಿರುಗಿದ; ಅದು ಸುಳ್ಳು, ಅಲ್ಲಿ ನಾಯಿಯೇ ಇರಲಿಲ್ಲ. ಸ್ವಲ್ಪ ದಿನದಲ್ಲಿ ನನ್ನ ದನಿ ನನಗೇ ಹಿಡಿಸತೊಡಗಿತು. ಮಾತ್ರೆ ಎಣಿಸುವಾಗ ಗುನುಗಿಕೊಳ್ಳುತ್ತಿದ್ದೆ. ಗಿರಾಕಿಗಳು ನನ್ನನ್ನು ನೋಡಿ ಗಾಬರಿಯಾದರು.

ತುಮಕೂರಿಗೆ ಒಂದು ಟೆಂಪೋ ಮಾಡಿಕೊಂಡು ಹೋದೆವು. ಮೇಷ್ಟ್ರು ಇಸ್ತ್ರಿ ಮಾಡಿದ ಪಂಚೆ, ಜರಿ ಅಂಚಿನ ಶಲ್ಯ. ಕಪ್ಪು ಟೀ ಶರ್ಟುಗಳ ಮಧ್ಯೆ ಮದುವೆಗೆ ಬಂದ ಬೀಗರ ಹಾಗೆ ನಿಂತಿದ್ದರು. ಮೊದಲ ಹಾಡು ನಿಧಾನದ್ದೇ ಬಂದಾಗ ಇಮ್ತಿಯಾಜನ ಕಡೆ ತಿರುಗಿ ಮೀಸೆಯ ಮೇಲೆ ಕೈಯಾಡಿಸಿದರು. ಹಾಡುಗಳು ಒಂದೊಂದಾಗಿ ಬಂದು ಹೋದವು. ನನಗೆ ಯಾವುದೂ ಸರಿಯಾಗಿ ಕಿವಿಗೆ ಬೀಳಲಿಲ್ಲ. ಕೊನೆಗೆ ಬರುತ್ತದೋ ಇಲ್ಲವೋ ಎಂಬುದೊಂದೇ ಚಿಂತೆ.

ಬಂತು. ಗಿಟಾರಿನ ಮೊದಲ ಎಳೆಯಲ್ಲೇ ಮೇಷ್ಟ್ರು ನನ್ನ ಮೊಣಕೈ ಹಿಡಿದು, "ಇಳಿಸವ್ನೆ" ಎಂದರು. ಗಾಯಕ ತಗ್ಗಿನಿಂದ ಶುರುಮಾಡಿದ. ಸಾಲು ಏರಿದ ಹಾಗೆ ಅವನ ಕತ್ತಿನ ನರ ಬಿಗಿಯುವುದು ದೊಡ್ಡ ಪರದೆಯಲ್ಲಿ ಕಾಣುತ್ತಿತ್ತು. ಇಳಿಸಿದರೂ ಕೊನೆಯ ಸಾಲು ಆತನಿಗೆ ದೂರವೇ ಇತ್ತು. ಅದರ ಹೊಸ್ತಿಲಲ್ಲಿ ಒಂದು ಕ್ಷಣ ನಿಂತ. ಮೇಷ್ಟ್ರು ಬಲಗೈ ಎತ್ತಿ ಬೀಸಿದರು.

ನಾವು ಎತ್ತಿಕೊಂಡೆವು. ಸುತ್ತಲಿನವರು ಮೊದಲು ತಿರುಗಿ ನೋಡಿದರು, ಆಮೇಲೆ ಸೇರಿಕೊಂಡರು. ನೋಡುನೋಡುತ್ತಿದ್ದಂತೆ ಮೈದಾನವೇ ಆ ಸಾಲನ್ನು ಹಿಡಿದು ನಿಂತಿತ್ತು. ಗಾಯಕ ಮೈಕನ್ನು ನಮ್ಮ ಕಡೆ ಚಾಚಿ, ಇನ್ನೊಂದು ಕೈಯನ್ನು ಎದೆಯ ಮೇಲಿಟ್ಟುಕೊಂಡ.

ಅಲ್ಲಿಗೆ ಮುಗಿಸಿದ್ದರೆ ನಾವು ಸಭ್ಯರಾಗಿ ಊರಿಗೆ ಬರುತ್ತಿದ್ದೆವು. ಆದರೆ ನಮ್ಮ ಕಡೆ ನಾಟಕದಲ್ಲಿ ಹಾಡು ಹಿಡಿಸಿದರೆ ಅಲ್ಲೇ "ಒನ್ಸ್ ಮೋರ್" ಎನ್ನುವುದು ಪದ್ಧತಿ. ಯುದ್ಧದಲ್ಲಿ ಸತ್ತು ಬಿದ್ದವನೂ ಎದ್ದು, ಹಾಡನ್ನು ಇನ್ನೊಮ್ಮೆ ಹಾಡಿ, ಮತ್ತೆ ಸಾಯಬೇಕು. ಮೇಷ್ಟ್ರು ಅಭ್ಯಾಸಬಲದಿಂದ ಕೂಗಿದರು. ತಾಲೀಮಿನ ಗುಂಪು ಕೂಗಿತು. ಡ್ರಮ್ಸಿನವನು ಏನೋ ಎಡವಟ್ಟಾಯಿತೆಂದು ನಿಲ್ಲಿಸಿಬಿಟ್ಟ. ಗಿಟಾರಿನವನು ವೈರು ನೋಡಿಕೊಂಡ. ಗಾಯಕನಿಗೆ ಮಾತ್ರ ಅರ್ಥವಾಯಿತು. ನಕ್ಕ, ಬೆರಳು ತಿರುಗಿಸಿ ಹಿಂದಕ್ಕೆ ಹೋಗಿ ಎಂದ, ಈ ಸಲ ಆ ಸಾಲನ್ನು ನಮ್ಮ ಜೊತೆ ತಾನೂ ಹಾಡಿದ. ಒಂದು ಕಡೆ ದನಿ ಬಿರಿಯಿತು. ಅಷ್ಟು ಜನರ ಕೊರಳೊಳಗೆ ಅದು ಯಾರಿಗೂ ಕೇಳಿಸಲಿಲ್ಲ. ನನಗೆ ಪರದೆಯ ಮೇಲೆ ತುಟಿ ನೋಡಿ ಗೊತ್ತಾಯಿತು. ಆ ಗಳಿಗೆಯಲ್ಲಿ ಅವನು ಗಿಟಾರಿನವನ ಮುಖ ನೋಡಲಿಲ್ಲ. ನನ್ನ ಆಸೆ ತೀರಿತು. ನಾನಂದುಕೊಂಡಿದ್ದಕ್ಕಿಂತ ಚೆನ್ನಾಗಿ ತೀರಿತು.

ಹೋದ ಮಾಗಿಯಲ್ಲಿ ಮೇಷ್ಟ್ರು ಹೋದರು. ಕಾಯಿಲೆಯಿಲ್ಲ, ಕಸಾಲೆಯಿಲ್ಲ; ಬೆಳಿಗ್ಗೆ ಕಾಫಿ ಕುಡಿದು ಜಗಲಿಯ ಮೇಲೆ ಒರಗಿದವರು ಏಳಲಿಲ್ಲ. ಮಧುಗಿರಿಯ ಹತ್ತಿರದ ಅವರ ಹಳ್ಳಿಗೆ ನಾವು ತಲುಪುವ ಹೊತ್ತಿಗೆ ಕೊರಟಗೆರೆ, ಪಾವಗಡ ಸೀಮೆಯ ನಾಟಕದವರೆಲ್ಲ ಬಂದು ಕೂತಿದ್ದರು. ರಾಜನ ಪಾರ್ಟಿನವರು, ಹಾಸ್ಯದವರು, ಹೆಣ್ಣುವೇಷದವರು, ಎಲ್ಲ ಬಣ್ಣವಿಲ್ಲದ ಮುಖಗಳು. ಮೇಷ್ಟ್ರನ್ನು ಹೊರಡಿಸುವ ಮುಂಚೆ ಹಾಡಬೇಕು. ಯಾವುದು ಮೊದಲು, ಯಾವುದು ಕೊನೆಗೆ ಎಂದು ಅಂಗಳದಲ್ಲಿ ಮಾತು ಹತ್ತಿತು. ಕೊನೆಗೆ ಮಂಗಳವೇ ಆಗಬೇಕೆಂದು ನಾಟಕದವರು, ಏರುಹಾಡೇ ಆಗಬೇಕೆಂದು ಓಬಳೇಶ. ಜೊತೆಗೆ ಶ್ರುತಿಗೂ ಜಗಳ. ಮೇಷ್ಟ್ರು ಪ್ರಾಯದಲ್ಲಿ ನುಡಿಸುತ್ತಿದ್ದ ಎತ್ತರದಲ್ಲೇ ಹಾಡಬೇಕು, ಅದೇ ಅವರಿಗೆ ಮರ್ಯಾದೆ ಎಂದು ಹಿರಿಯ ನಟರೊಬ್ಬರು ಪಟ್ಟು ಹಿಡಿದರು. ಮೇಷ್ಟ್ರಿದ್ದಿದ್ದರೆ ಈ ಜಗಳವನ್ನು ಎಷ್ಟು ಖುಷಿಯಿಂದ ಕೇಳುತ್ತಿದ್ದರೋ ಎಂದು ನನಗೆ ಅಳುವಿನ ನಡುವೆಯೇ ನಗು ಬಂತು.

ತಲೆದೆಸೆಯಲ್ಲಿ ಅವರ ಹೆಂಡತಿ ಕೂತಿದ್ದರು. ಸಂಗೀತದ ಬಗ್ಗೆ ಆಕೆ ಒಂದು ಮಾತಾಡಿದ್ದನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ನಾವು ಹೋದಾಗ ಕಾಫಿ ಕೊಡುತ್ತಿದ್ದರು, ಒಳಗೆ ಹೋಗುತ್ತಿದ್ದರು. ಈಗ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು:

"ಯಾವ್ದಾರ ಹಾಡ್ರಪ್ಪ. ಎಲ್ಲಾನೂ ಇಳಿಸಿ ಹಾಡಿ. ಅಳ್ತಾ ಇರೋರಿಗೆ ಮೇಲಿನದು ಸಿಗಾಕಿಲ್ಲ."

ಹಿರಿಯ ನಟರೇ ಪೇಟಿಯನ್ನು ಎಳೆದುಕೊಂಡು ತಗ್ಗಿನ ಮನೆಯ ಮೇಲೆ ಬೆರಳಿಟ್ಟರು. ಯಾರು ಶುರುಮಾಡುವುದು ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ನಾನು ಮುಂದೆ ಹೋಗಿ ಆ ತಾಯಿಯ ಪಕ್ಕದಲ್ಲಿ ಕೂತು ಏರುಹಾಡನ್ನು ಎತ್ತಿಕೊಂಡೆ.